ಗಂಡಿಗೂ ಹೆಣ್ಣಿಗೂ ಒಪ್ಪುವ ಹೆಸರು: ಆರಿಸುವುದು ಹೇಗೆ, ಬರೆಸುವುದು ಹೇಗೆ

ಮಗು ಹುಟ್ಟಿದ ಸುದ್ದಿ ತಲುಪಿದ ಕೂಡಲೇ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ‘ಏನು ಮಗು?’ ಎಂಬುದು. ಕೆಲವು ದಿನ ಕಳೆದ ಮೇಲೆ ಬರುವ ಎರಡನೆಯ ಪ್ರಶ್ನೆ ‘ಏನು ಹೆಸರಿಟ್ಟಿರಿ?’ ಎಂಬುದು. ಎರಡನೆಯ ಪ್ರಶ್ನೆಯ ಉತ್ತರದೊಳಗೆ ಮೊದಲನೆಯದರ ಉತ್ತರವೂ ಇರಲೇಬೇಕೆಂದು ಹಿಂದೆ ಯಾರೂ ಹೇಳಿಕೊಡದೆಯೇ ನಾವೆಲ್ಲ ನಂಬಿದ್ದೆವು. ಈಗ ಹಾಗೆ ನಂಬದ ತಂದೆತಾಯಂದಿರು ಹೆಚ್ಚುತ್ತಿದ್ದಾರೆ. ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ಬಂದು, ‘ಮೇಡಂ, ಗಂಡಾದರೂ ಹೆಣ್ಣಾದರೂ ಬದಲಾಯಿಸಬೇಕಾಗದ ಒಂದು ಹೆಸರು ಹೇಳಿ’ ಎಂದು ಕೇಳುತ್ತಾರೆ. ಒಂದು ಹೆಸರು ಹೇಳಿ ಕಳುಹಿಸಿದರೆ ನನ್ನ ಇಷ್ಟವನ್ನು ಅವರ ಮಗುವಿನ ಮೇಲೆ ಹೊರಿಸಿದಂತಾಗುತ್ತದೆ. ಆದ್ದರಿಂದ ಹೆಸರಿನ ಬದಲಿಗೆ ಹೆಸರನ್ನು ಪರೀಕ್ಷಿಸುವ ಬಗೆಯನ್ನು ಹೇಳಿಕೊಡುತ್ತೇನೆ, ಅದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಏಕೆ ಬೇಕೆಂದು ಇಬ್ಬರೂ ಮಾತಾಡಿಕೊಳ್ಳಿ

ಇಂಥ ಹೆಸರನ್ನು ಬಯಸಲು ಕಾರಣಗಳು ಒಂದೇ ಬಗೆಯವಲ್ಲ. ಹೆಸರು ಕೇಳಿದ ಮಾತ್ರಕ್ಕೆ ಮಗುವಿನ ಸ್ವಭಾವ, ಓದು ಮತ್ತು ಉದ್ಯೋಗದ ಬಗ್ಗೆ ಯಾರೂ ಮುಂಚಿತವಾಗಿ ತೀರ್ಮಾನಿಸಬಾರದು ಎಂಬುದು ಕೆಲವರ ಆಸೆ. ಮಗು ಬೆಳೆದ ಮೇಲೆ ತನ್ನನ್ನು ತಾನು ಹೇಗೆ ಗುರುತಿಸಿಕೊಂಡರೂ ಹೆಸರು ಅಡ್ಡಿಯಾಗಬಾರದು ಎಂಬುದು ಇನ್ನು ಕೆಲವರ ಕಾಳಜಿ. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಹುಟ್ಟಿನ ವೇಳೆಗೆ ಗಂಡು ಅಥವಾ ಹೆಣ್ಣು ಎಂದು ವೈದ್ಯರೇ ಕೂಡಲೇ ಹೇಳಲಾಗದ ಸಂದರ್ಭ ಇರುತ್ತದೆ. ಪರೀಕ್ಷೆಗಳು ಮುಗಿಯುವವರೆಗೆ ಮನೆಯವರು ಅನುಭವಿಸುವ ಸಂಕಟದ ನಡುವೆ ಮಗುವನ್ನು ಕರೆಯಲು ಒಂದು ಹೆಸರಾದರೂ ಸಿದ್ಧವಿದ್ದರೆ ಅದು ಸಣ್ಣ ಸಮಾಧಾನವಲ್ಲ.

ಇವೆಲ್ಲಕ್ಕಿಂತ ಸರಳವಾದ ಇನ್ನೊಂದು ಕಾರಣ ನಮ್ಮ ದೇಶದಲ್ಲಿದೆ. 1994ರ ಕಾನೂನಿನ ಪ್ರಕಾರ ಗರ್ಭದಲ್ಲಿರುವ ಮಗುವಿನ ಲಿಂಗವನ್ನು ಪತ್ತೆ ಮಾಡುವುದೂ ತಿಳಿಸುವುದೂ ಅಪರಾಧ. ಹಾಗಿರುವಾಗ ಬಸಿರಿನ ಏಳೆಂಟು ತಿಂಗಳು ಮಗುವಿನ ಬಗ್ಗೆ ಕನಸು ಕಾಣುವ ತಂದೆತಾಯಿಗೆ, ಒಂದೇ ಹೆಸರಿನಿಂದ ಹೊಟ್ಟೆಯೊಳಗಿನ ಕೂಸನ್ನು ಮಾತಾಡಿಸಬೇಕೆಂದಿದ್ದರೆ, ಎರಡಕ್ಕೂ ಸಲ್ಲುವ ಹೆಸರೇ ದಾರಿ. ಗಂಡಿಗೊಂದು ಪಟ್ಟಿ, ಹೆಣ್ಣಿಗೊಂದು ಪಟ್ಟಿ ಮಾಡಿ ಕೊನೆಗೆ ಒಂದನ್ನು ಹರಿದು ಹಾಕುವ ಅಗತ್ಯ ಆಗ ಇರುವುದಿಲ್ಲ.

ನಿಮ್ಮ ಕಾರಣ ಯಾವುದೆಂಬುದು ನಿಮ್ಮಿಬ್ಬರಿಗೆ ಸ್ಪಷ್ಟವಾಗಿದ್ದರೆ ಸಾಕು, ಊರಿಗೆಲ್ಲ ವಿವರಿಸಬೇಕಿಲ್ಲ. ಆದರೆ ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂಬ ಸ್ಥಿತಿಯಲ್ಲಿ ಹುಡುಕಾಟ ಆರಂಭಿಸಬೇಡಿ.

ಎರಡನೆಯ ಹೆಜ್ಜೆ: ಮನೆಯ ಹಳೆಯ ಹೆಸರುಗಳನ್ನು ಬಿಡಿಸಿ ನೋಡಿ

ಹೆಸರುಗಳ ಪುಸ್ತಕವನ್ನೋ ಮೊಬೈಲನ್ನೋ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ವಂಶದ ಮೂರು ತಲೆಮಾರಿನ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಯಾವ ಹಳ್ಳಿಯಲ್ಲಾದರೂ ಈ ಜೋಡಿಗಳು ಸಿಗುತ್ತವೆ: ಮುನಿಯಪ್ಪ, ಮುನಿಯಮ್ಮ, ನಂಜಪ್ಪ, ನಂಜಮ್ಮ, ವೆಂಕಟಪ್ಪ, ವೆಂಕಟಮ್ಮ, ಸಿದ್ದಪ್ಪ, ಸಿದ್ದಮ್ಮ, ಚೌಡಪ್ಪ, ಚೌಡಮ್ಮ, ಲಕ್ಷ್ಮಯ್ಯ, ಲಕ್ಷ್ಮಮ್ಮ. ಇವುಗಳಲ್ಲಿ ಗಂಡು ಹೆಣ್ಣೆಂಬ ವ್ಯತ್ಯಾಸವಿರುವುದು ಬಾಲದಲ್ಲಿ ಮಾತ್ರ, ಬೇರು ಇಬ್ಬರಿಗೂ ಒಂದೇ. ಮುನೇಶ್ವರನ ಹರಕೆಯಿಂದ ಹುಟ್ಟಿದ ಮಗು ಗಂಡಾದರೆ ‘ಅಪ್ಪ’ ಸೇರುತ್ತಿತ್ತು, ಹೆಣ್ಣಾದರೆ ‘ಅಮ್ಮ’ ಸೇರುತ್ತಿತ್ತು. ಚೌಡೇಶ್ವರಿಯ ಹೆಸರನ್ನು ಗಂಡಸು ಹೊತ್ತುಕೊಳ್ಳಲೂ ಲಕ್ಷ್ಮಿಯ ಹೆಸರಿಗೆ ‘ಅಯ್ಯ’ ಸೇರಿಸಿಕೊಳ್ಳಲೂ ನಮ್ಮ ಹಿರಿಯರಿಗೆ ಎಂದೂ ಮುಜುಗರವಾಗಲಿಲ್ಲ.

ಪಂಜಾಬಿನ ಸಿಖ್ಖರಲ್ಲಿಯೂ ಹೀಗೆಯೇ ಇದೆ. ಗುರುಪ್ರೀತ್, ಹರಪ್ರೀತ್, ಮನಪ್ರೀತ್ ಎಂಬ ಹೆಸರುಗಳು ಹುಡುಗನಿಗೂ ಹುಡುಗಿಗೂ ಸಮಾನವಾಗಿದ್ದು, ಜೊತೆಗೆ ಬರುವ ಸಿಂಗ್ ಅಥವಾ ಕೌರ್ ಎಂಬುದರಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ಈ ಬಗೆಯ ಹೆಸರು ಎಲ್ಲಿಂದಲೋ ಬಂದ ಹೊಸ ಹುಚ್ಚೆಂದು ಮನೆಯಲ್ಲಿ ಯಾರಾದರೂ ಅಂದರೆ, ಅಜ್ಜಿಯ ಹೆಸರನ್ನೇ ಬಿಡಿಸಿ ತೋರಿಸಬಹುದು.

ಹಾಗೆಂದು ಬಾಲ ಕತ್ತರಿಸಿದ ಎಲ್ಲ ಬೇರುಗಳೂ ಇಂದಿನ ಮಗುವಿಗೆ ಹೆಸರಾಗಿ ನಿಲ್ಲುವುದಿಲ್ಲ. ‘ನಂಜ’, ‘ಚೌಡ’ ಎಂದು ನಿಲ್ಲಿಸಿದರೆ ಕಿವಿಗೆ ಅರ್ಧ ಹೇಳಿದಂತಿರುತ್ತದೆ ಮತ್ತು ಅದು ಗಂಡಸಿನ ಹೆಸರೆಂದೇ ಕೇಳಿಸುತ್ತದೆ. ಬೇರು ತೆಗೆದುಕೊಂಡು ಅರ್ಥದ ಕಡೆಗೆ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಅಜ್ಜನ ಹೆಸರು ಚಂದ್ರಪ್ಪ ಎಂದಿದ್ದರೆ ‘ಶಶಿ’, ಅಜ್ಜಿಯ ಹೆಸರು ಲಕ್ಷ್ಮಮ್ಮ ಎಂದಿದ್ದರೆ ‘ಸಿರಿ’. ಹೆಸರು ಹೊಸದಾಗಿದ್ದರೂ ಹಿರಿಯರ ನೆನಪು ಅದರಲ್ಲಿ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಹೆಸರಿಗೆ ವಿಭಕ್ತಿ ಹಚ್ಚಿ ನೋಡಿ

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಬೇರೆ ಭಾಷೆಯವರು ಸಿದ್ಧಪಡಿಸಿದ ಪಟ್ಟಿಗಳಲ್ಲಿ ಎರಡಕ್ಕೂ ಸಲ್ಲುವವೆಂದು ಕೊಟ್ಟಿರುವ ಹೆಸರುಗಳು ಕನ್ನಡದ ವಾಕ್ಯದೊಳಗೆ ಬಂದ ಕೂಡಲೇ ಹಾಗೆ ಉಳಿಯದೆ ಹೋಗಬಹುದು, ಏಕೆಂದರೆ ನಮ್ಮ ಭಾಷೆಯಲ್ಲಿ ಹೆಸರು ಒಂಟಿಯಾಗಿ ಬದುಕುವುದಿಲ್ಲ. ಅದಕ್ಕೆ ಪ್ರತ್ಯಯ ಹತ್ತುತ್ತದೆ, ಮತ್ತು ಆ ಪ್ರತ್ಯಯಕ್ಕೆ ಲಿಂಗ ಗೊತ್ತು.

‘ಕಿರಣ’ ಎಂಬ ಹೆಸರನ್ನು ತೆಗೆದುಕೊಳ್ಳಿ. ‘ಕಿರಣನಿಗೆ ಊಟ ಕೊಡು’ ಎಂದರೆ ಹುಡುಗ, ‘ಕಿರಣಳಿಗೆ ಊಟ ಕೊಡು’ ಎಂದರೆ ಹುಡುಗಿ, ‘ಕಿರಣಕ್ಕೆ’ ಎಂದರೆ ಬಿಸಿಲಿನ ಕಿರಣ. ಒಂದೇ ಹೆಸರು ಮೂರು ಲಿಂಗಗಳಲ್ಲಿ ಮೂರು ಬಗೆಯಾಗಿ ನಡೆಯುತ್ತದೆ. ‘ಚೇತನ’, ‘ಉದಯ’, ‘ಅಮೃತ’ ಮುಂತಾಗಿ ಅಕಾರದಲ್ಲಿ ಕೊನೆಗೊಳ್ಳುವ ಹೆಸರುಗಳೆಲ್ಲ ಹೀಗೆಯೇ. ಈಗ ‘ಶಶಿ’ ಎಂಬುದನ್ನು ನೋಡಿ: ಶಶಿಗೆ, ಶಶಿಯನ್ನು, ಶಶಿಯ, ಶಶಿಯಿಂದ. ‘ಮಧು’ ಎಂಬುದನ್ನು ನೋಡಿ: ಮಧುವಿಗೆ, ಮಧುವನ್ನು, ಮಧುವಿನ, ಮಧುವಿನಿಂದ. ಎಲ್ಲಿಯೂ ಗಂಡು ಹೆಣ್ಣಿನ ಸುಳಿವಿಲ್ಲ. ಇಕಾರ ಮತ್ತು ಉಕಾರದಲ್ಲಿ ಕೊನೆಗೊಳ್ಳುವ ಹೆಸರುಗಳಿಗೆ ಕನ್ನಡ ವ್ಯಾಕರಣವೇ ಈ ಅನುಕೂಲವನ್ನು ಕೊಟ್ಟಿದೆ. ನನ್ನ ಮಟ್ಟಿಗೆ, ಪಟ್ಟಿಯನ್ನು ಜರಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಎಕಾರದಲ್ಲಿ ಕೊನೆಗೊಳ್ಳುವ ಹೆಸರುಗಳಿಗೆ ಪ್ರತ್ಯಯದ ತೊಡಕಿಲ್ಲವಾದರೂ ಸೀತೆ, ರಾಧೆ, ಉಷೆ ಎಂದು ಕೇಳಿ ಪಳಗಿದ ಕಿವಿಗೆ ಅವು ಹೆಣ್ಣಿನ ಹೆಸರುಗಳಾಗಿಯೇ ಕೇಳಿಸುತ್ತವೆ. ಇನ್ನು ‘ಕಿರಣ್’, ‘ಚೇತನ್’, ‘ಸುಮನ್’ ಎಂದು ವ್ಯಂಜನಕ್ಕೆ ನಿಲ್ಲಿಸುವ ರೂಢಿ ಇದೆಯಲ್ಲ, ಅದರಲ್ಲಿ ಆಡುಮಾತಿಗೆ ತೊಂದರೆಯಿಲ್ಲ. ‘ಕಿರಣ್‌ಗೆ ಹೇಳು’, ‘ಕಿರಣ್ ಪುಸ್ತಕ’ ಎಂದು ಸಲೀಸಾಗಿ ಸಾಗುತ್ತದೆ. ಆದರೆ ಬರವಣಿಗೆಗೆ ಇಳಿದಾಗ, ಮದುವೆಯ ಆಹ್ವಾನಪತ್ರಿಕೆಯಲ್ಲಿಯೋ ಶಾಲೆಯ ವರದಿಯಲ್ಲಿಯೋ, ಯಾರಾದರೊಬ್ಬರು ಅದನ್ನು ‘ಕಿರಣನು’ ಎಂದು ತಿದ್ದಿಯೇ ತೀರುತ್ತಾರೆ.

ಜೊತೆಗೆ ಸಂಸ್ಕೃತದಿಂದ ಬಂದ ಬಾಲಗಳನ್ನು ಗಮನಿಸಿ. ವತಿ, ಮತಿ, ಇನಿ, ಇಣಿ ಎಂದು ಮುಗಿಯುವವು ಹೆಣ್ಣಿನವು. ಈಶ, ಇಂದ್ರ, ನಾಥ, ರಾಜ, ವಂತ ಎಂದು ಮುಗಿಯುವವು ಗಂಡಿನವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಿನಾಕಿನಿ ನದಿಯ ಹೆಸರಿನಿಂದ ಕೊನೆಯ ‘ನಿ’ ಬಿಟ್ಟರೆ ‘ಪಿನಾಕಿ’ ಆಗುತ್ತದೆ, ಅದು ಪಿನಾಕವೆಂಬ ಬಿಲ್ಲನ್ನು ಹಿಡಿದ ಶಿವನ ಹೆಸರು. ಸಂಸ್ಕೃತದ ಲೆಕ್ಕದಲ್ಲಿ ಅದು ಪುಲ್ಲಿಂಗ. ಆದರೂ ಇಕಾರದಲ್ಲಿ ನಿಲ್ಲುವುದರಿಂದಲೂ, ನದಿಯ ನೆನಪು ಅಂಟಿಕೊಂಡಿರುವುದರಿಂದಲೂ ಚಿಕ್ಕಬಳ್ಳಾಪುರದ ಹುಡುಗಿಯೊಬ್ಬಳಿಗೆ ಆ ಹೆಸರು ಒಪ್ಪದಿರಲು ನನಗೆ ಕಾರಣ ಕಾಣುವುದಿಲ್ಲ. ತೇಜಸ್ವಿ, ಯಶಸ್ವಿ, ಓಜಸ್ವಿ ಎಂಬವು ಕೂಡ ಮೂಲದಲ್ಲಿ ಪುಲ್ಲಿಂಗ ರೂಪಗಳೇ. ಅವುಗಳ ಸ್ತ್ರೀಲಿಂಗ ತೇಜಸ್ವಿನಿ, ಯಶಸ್ವಿನಿ, ಓಜಸ್ವಿನಿ. ಕನ್ನಡಿಗರು ಮೊದಲ ರೂಪವನ್ನೇ ಇಬ್ಬರಿಗೂ ಇಡಲು ಆರಂಭಿಸಿದ್ದಾರೆ, ಮತ್ತು ಕನ್ನಡದ ಪ್ರತ್ಯಯ ಅದಕ್ಕೆ ಅಡ್ಡ ಬರುವುದಿಲ್ಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹೆಸರು ಲಿಂಗವನ್ನು ಹೇಳದಿದ್ದರೂ ಕ್ರಿಯಾಪದ ಹೇಳುತ್ತದೆ. ‘ಶಶಿ ಬಂದ’, ‘ಶಶಿ ಬಂದಳು’ ಎನ್ನದೆ ನಮ್ಮ ಮಾತು ಮುಂದೆ ಸಾಗದು. ಮಗು ಚಿಕ್ಕದಿರುವಾಗ ‘ಮಗು ಮಲಗಿದೆ’, ‘ಪಾಪು ನಗುತ್ತಿದೆ’ ಎಂದು ನಪುಂಸಕಲಿಂಗದಲ್ಲಿ ಎಲ್ಲರೂ ಆಡುತ್ತಾರೆ. ಬೆಳೆದು ದೊಡ್ಡವರಾದ ಮೇಲೆ ‘ಶಶಿ ಬಂದರು’ ಎಂಬ ಗೌರವದ ಬಹುವಚನ ಸಿಗುತ್ತದೆ. ನಡುವಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ‘ಅವನು’, ‘ಅವಳು’ ಬಂದೇ ಬರುತ್ತವೆ, ‘ಮಧು ಅಣ್ಣ’, ‘ಮಧು ಅಕ್ಕ’ ಎಂದು ಚಿಕ್ಕವರು ಕರೆಯುವುದೂ ನಡೆಯುತ್ತದೆ. ಹೆಸರಿನಿಂದ ಇಷ್ಟನ್ನು ಮಾತ್ರ ನಿರೀಕ್ಷಿಸಿ: ಮಗುವನ್ನು ಕಾಣದವರು, ಕಾಗದದ ಮೇಲೆ ಓದಿದವರು, ಆತುರದ ತೀರ್ಮಾನಕ್ಕೆ ಬಾರದಂತೆ ಅದು ತಡೆಯುತ್ತದೆ.

ನಾಲ್ಕನೆಯ ಹೆಜ್ಜೆ: ಹೆಸರುಗಳನ್ನು ಕೂಡಿಹಾಕಿ

ಈ ಜರಡಿಯಲ್ಲಿ ಉಳಿಯುವ ಹೆಸರುಗಳನ್ನು ಮೂರು ಕಡೆ ಹುಡುಕಬಹುದು. ಈಗಾಗಲೇ ಗಂಡು ಹೆಣ್ಣಿಬ್ಬರಲ್ಲೂ ಬಳಕೆಯಲ್ಲಿರುವ ಹೆಸರುಗಳು ಮೊದಲನೆಯವು: ಶಶಿ, ಮಧು, ಮಣಿ, ಭಾನು, ರಜನಿ, ಕೀರ್ತಿ. ಇವುಗಳಿಗೆ ವಿವರಣೆ ಬೇಕಾಗುವುದಿಲ್ಲ, ಹಳ್ಳಿಯ ಅಜ್ಜಿಯೂ ತಡವರಿಸದೆ ಕರೆಯುತ್ತಾರೆ. ಮಧುಗಿರಿಯ ಕಡೆಯವರಿಗಂತೂ ‘ಮಧು’ ಎಂದರೆ ಊರಿನ ಹೆಸರಿನ ಅರ್ಧವೇ ಆಯಿತು.

ಎರಡನೆಯದು ಅಚ್ಚಕನ್ನಡದ ಮಾತುಗಳು: ಸಿರಿ, ಅರಿವು, ಒಲವು, ನಲಿವು, ಚಿಗುರು, ಬೆಳಕು, ಹೊನಲು, ಮುಗಿಲು, ಚುಕ್ಕಿ, ಇಬ್ಬನಿ. ನನಗೆ ವೈಯಕ್ತಿಕವಾಗಿ ಇವು ಬಹಳ ಇಷ್ಟ, ಏಕೆಂದರೆ ಇವುಗಳಲ್ಲಿ ಅನೇಕವು ಹೆಸರಾಗಿ ಹೆಚ್ಚು ಬಳಕೆಯಾಗಿಲ್ಲದ ಕಾರಣ ಗಂಡಿನದೆಂಬ ಹೆಣ್ಣಿನದೆಂಬ ಗುರುತು ಅವುಗಳ ಮೇಲೆ ಇನ್ನೂ ಬಿದ್ದಿಲ್ಲ. ಆದರೆ ಇವು ದಿನಬಳಕೆಯ ಮಾತುಗಳೂ ಆಗಿರುವುದರಿಂದ ವಾಕ್ಯದಲ್ಲಿ ಗೊಂದಲ ಹುಟ್ಟಿಸಬಹುದು. ‘ಚಿಗುರಿಗೆ ನೀರು ಹಾಕು’ ಎಂದರೆ ಮಗುವಿನ ಸ್ನಾನವೋ ಗಿಡದ ಆರೈಕೆಯೋ ಎಂದು ಕೇಳಬೇಕಾಗುತ್ತದೆ. ಹೀಗಾಗಿ ಪ್ರತಿ ಹೆಸರನ್ನೂ ನಿಮ್ಮ ಮನೆಯಲ್ಲಿ ನಿತ್ಯ ಆಡುವ ಹತ್ತು ವಾಕ್ಯಗಳಲ್ಲಿ ಇಟ್ಟು, ಬಾಯಿಬಿಟ್ಟು ಹೇಳಿ ನೋಡಿ. ನಾಲ್ಕು ದಿನ ಹೇಳಿದ ಮೇಲೂ ನಗು ಬರುತ್ತಿದ್ದರೆ ಆ ಹೆಸರನ್ನು ಬಿಡಿ. ನಿಮಗೆ ಬರುವ ನಗು ತರಗತಿಯ ಮಕ್ಕಳಿಗೂ ಬರುತ್ತದೆ.

ಊರಿನ ಕಸುಬು ಕೂಡ ಹೆಸರಿನ ಅರ್ಥವನ್ನು ಬದಲಾಯಿಸಬಲ್ಲದು. ‘ಸೋನೆ’ ಎಂದರೆ ಸಣ್ಣಗೆ ಬಿಡದೆ ಸುರಿಯುವ ಮಳೆ, ಬಯಲುಸೀಮೆಯ ನಮಗೆ ಅದಕ್ಕಿಂತ ಪ್ರಿಯವಾದದ್ದು ಯಾವುದು? ಆದರೆ ಶ್ರೀನಿವಾಸಪುರದ ಮಾವಿನ ತೋಟದವರಿಗೆ ‘ಸೊನೆ’ ಎಂದರೆ ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮಿ ಮೈ ಸುಡುವ ರಸ. ಕನ್ನಡದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘ ಮಾತ್ರ, ಇಂಗ್ಲಿಷಿನಲ್ಲಿ ಬರೆದರೆ ಅದೂ ಅಳಿಸಿಹೋಗುತ್ತದೆ. ಇಂಥದ್ದನ್ನು ಪುಸ್ತಕ ಹೇಳುವುದಿಲ್ಲ, ಊರಿನ ಇಬ್ಬರು ಹಿರಿಯರನ್ನು ಕೇಳಿದರೆ ತಿಳಿಯುತ್ತದೆ.

ಮೂರನೆಯದು ಉರ್ದು ಮಾತಾಡುವ ಮನೆಗಳ ಸಂಪತ್ತು. ನೂರ್, ಶಮೀಮ್, ನಸೀಮ್, ನುಸ್ರತ್, ಮುಮ್ತಾಜ್ ಎಂಬ ಹೆಸರುಗಳು ಗಂಡು ಹೆಣ್ಣಿಬ್ಬರಿಗೂ ಬಹಳ ಕಾಲದಿಂದ ಸಲ್ಲುತ್ತಿವೆ.

ಐದನೆಯ ಹೆಜ್ಜೆ: ಮನೆಯ ಎಲ್ಲ ಭಾಷೆಗಳಲ್ಲೂ ಕರೆದು ನೋಡಿ

ನಮ್ಮ ಜಿಲ್ಲೆಗಳಲ್ಲಿ ಒಂದೇ ಭಾಷೆಯ ಮನೆ ಅಪರೂಪ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಅಡುಗೆಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್‌ನಲ್ಲಿ ತಮಿಳೂ ಸೇರುತ್ತದೆ. ಒಂದು ಭಾಷೆಯಲ್ಲಿ ಇಬ್ಬರಿಗೂ ಸಲ್ಲುವ ಮಾತು ಇನ್ನೊಂದರಲ್ಲಿ ಒಬ್ಬರಿಗೇ ಮೀಸಲಾಗಿರಬಹುದು. ಕನ್ನಡದಲ್ಲಿ ‘ಪಾಪು’ ಎಂದರೆ ಯಾವ ಮಗುವಾದರೂ ಸರಿ, ತೆಲುಗಿನಲ್ಲಿ ‘ಪಾಪ’ ಎಂದರೆ ಹೆಣ್ಣುಮಗು, ಗಂಡಾದರೆ ‘ಬಾಬು’. ಈ ಕಾರಣಕ್ಕೆ ಸೋದರತ್ತೆಯಿಂದ ಹಿಡಿದು ನೆರೆಮನೆಯವರವರೆಗೆ ಮಗುವನ್ನು ಯಾರು ಹೆಚ್ಚು ಕರೆಯುತ್ತಾರೋ ಅವರ ಬಾಯಲ್ಲಿ ಹೆಸರು ಹೇಗೆ ಕೇಳಿಸುತ್ತದೆಂಬುದನ್ನು ಗಮನಿಸಬೇಕು.

ಒಳ್ಳೆಯ ಸಂಗತಿಯೆಂದರೆ ಎರಡು ಮೂರು ಭಾಷೆಗಳಲ್ಲಿ ಒಂದೇ ಅರ್ಥ ಕೊಡುವ ಹೆಸರುಗಳೂ ನಮಗೆ ಸಿಗುತ್ತವೆ. ಸಿರಿ ಮತ್ತು ಚಿಗುರು ಎಂಬವು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಒಂದೇ. ಅರಿವು ಎಂಬುದು ತಮಿಳಿನಲ್ಲಿಯೂ ಅರಿವೇ, ಆದರೆ ಅಲ್ಲಿ ಅದನ್ನು ಗಂಡುಮಕ್ಕಳಿಗೆ ಇಡುವುದು ಹೆಚ್ಚು. ಮಣಿ ಎಂಬುದಕ್ಕೆ ಯಾವ ಭಾಷೆಯ ಗಡಿಯೂ ಇಲ್ಲ.

ಆರನೆಯ ಹೆಜ್ಜೆ: ಹಿರಿಯರ ಒಪ್ಪಿಗೆ, ನಕ್ಷತ್ರದ ಅಕ್ಷರ

ಜನ್ಮನಕ್ಷತ್ರದ ಪಾದಕ್ಕೆ ತಕ್ಕ ಅಕ್ಷರದಿಂದ ಹೆಸರಿಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಹೆರಿಗೆಗೆ ಮೊದಲೇ ಒಂದೇ ಹೆಸರಿಗೆ ಗಂಟು ಬೀಳಬೇಡಿ. ಬೇರೆ ಬೇರೆ ಅಕ್ಷರಗಳಿಂದ ಆರಂಭವಾಗುವ ಆರೇಳು ಹೆಸರುಗಳನ್ನು ಇಟ್ಟುಕೊಳ್ಳಿ. ಮಘಾ ನಕ್ಷತ್ರಕ್ಕೆ ಮ, ಮಿ, ಮು, ಮೆ ಎಂಬ ಅಕ್ಷರಗಳು ಬರುವುದರಿಂದ ಮಧು, ಮಣಿ, ಮುಗಿಲು ಸಿದ್ಧವಿರುತ್ತವೆ. ಕೃತ್ತಿಕೆಗೆ ಅ, ಇ, ಉ, ಎ ಬರುವುದರಿಂದ ಅರಿವು ಅಥವಾ ಇಬ್ಬನಿ ಹೊಂದುತ್ತದೆ. ಆರಿದ್ರೆಯ ಪಾದಗಳಲ್ಲಿ ‘ಙ’ ಎಂಬ ಅಕ್ಷರವೂ ಇದೆ. ಅದರಿಂದ ಆರಂಭವಾಗುವ ಹೆಸರೇ ನಮ್ಮಲ್ಲಿಲ್ಲ, ಅಲ್ಲಿ ಪುರೋಹಿತರೇ ಬೇರೆ ಅಕ್ಷರ ಸೂಚಿಸುತ್ತಾರೆ.

ಇದಕ್ಕಿಂತ ಸುಲಭವಾದ ದಾರಿ ಹಳೆಯದೇ ಆಗಿದೆ. ನಕ್ಷತ್ರದ ಹೆಸರು ಅಥವಾ ಮನೆದೇವರ ಹೆಸರನ್ನು ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳುವುದು, ಕರೆಯುವ ಹೆಸರನ್ನು ಬೇರೆಯಾಗಿ ಇಡುವುದು. ಎಡೆಯೂರು ಸಿದ್ಧಲಿಂಗೇಶ್ವರನಿಗೋ, ಕೋಲಾರಮ್ಮನಿಗೋ, ಕೈವಾರದ ತಾತಯ್ಯನವರಿಗೋ ನಡೆದುಕೊಳ್ಳುವ ಮನೆಯವರು ಆ ಹೆಸರನ್ನು ಪೂಜೆಯ ಸಂಕಲ್ಪಕ್ಕೆ ಉಳಿಸಿಕೊಂಡು, ದಾಖಲೆಗೆ ‘ಶಶಿ’ ಎಂದು ಬರೆಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ಹಿರಿಯರೊಂದಿಗೆ ಈ ಮಾತನ್ನು ತೊಟ್ಟಿಲು ಕಟ್ಟಿದ ದಿನ ಎತ್ತಬೇಡಿ. ನೆಂಟರೆಲ್ಲ ಸೇರಿದ ಕಡೆ ಒಪ್ಪದಿರುವುದು ಮರ್ಯಾದೆಯ ಪ್ರಶ್ನೆಯಾಗಿಬಿಡುತ್ತದೆ. ಎರಡು ತಿಂಗಳು ಮೊದಲೇ, ಬಿಡುವಿನ ಹೊತ್ತಿನಲ್ಲಿ, ‘ಅತ್ತೆ, ನಿಮ್ಮ ಹೆಸರಿನ ಅರ್ಥವನ್ನೇ ಇಡಬೇಕೆಂದಿದ್ದೇವೆ’ ಎಂದು ಆರಂಭಿಸಿ.

ಏಳನೆಯ ಹೆಜ್ಜೆ: ಇಂಗ್ಲಿಷ್ ಕಾಗುಣಿತ ಮತ್ತು ಇನಿಷಿಯಲ್

ಕನ್ನಡದಲ್ಲಿ ಎರಡಕ್ಕೂ ಸಲ್ಲುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆ ಉಳಿಯದಿರಬಹುದು. ‘ಕಿರಣ’ ಎಂಬುದರ ಕೊನೆಯ ಅಕಾರಕ್ಕಾಗಿ ಇಂಗ್ಲಿಷಿನ ‘ಎ’ ಅಕ್ಷರ ಸೇರಿಸಿದರೆ ಹೊರಗಿನವರು ಅದನ್ನು ‘ಕಿರಣಾ’ ಎಂದು ಓದಿ ಹೆಣ್ಣೆಂದು ಭಾವಿಸುತ್ತಾರೆ. ಸೇರಿಸದಿದ್ದರೆ ನಮ್ಮ ಕಡೆಯವರು ಗಂಡೆಂದು ಭಾವಿಸುತ್ತಾರೆ. ಇದೇ ಹೆಸರು ದೂರದೇಶದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಭಾರತದ ನಂಟಿದ್ದ ಕುಟುಂಬವೊಂದು ಜರ್ಮನಿಯಲ್ಲಿ ಮಗಳಿಗೆ ‘ಕಿರಣ್’ ಎಂದು ಹೆಸರಿಡಲು ಹೋದಾಗ, ಅದರಿಂದ ಹೆಣ್ಣೆಂದು ತಿಳಿಯುವುದಿಲ್ಲವೆಂದು ನೋಂದಣಿಯವರು ಒಪ್ಪಲಿಲ್ಲ. ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2008ರಲ್ಲಿ ತೀರ್ಪಿತ್ತು, ಆ ತಂದೆತಾಯಿಯ ಆಯ್ಕೆಯನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಹೆಸರಿನಿಂದ ಲಿಂಗ ತಿಳಿಯಬೇಕೆಂದು ಯಾವ ನೋಂದಣಾಧಿಕಾರಿಯೂ ಕಾನೂನಿನ ಪ್ರಕಾರ ಕೇಳುವಂತಿಲ್ಲ.

ಕಾಗುಣಿತವನ್ನು ಒಮ್ಮೆ ತೀರ್ಮಾನಿಸಿದ ಮೇಲೆ ಒಂದು ಚೀಟಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ದೊಡ್ಡ ಅಕ್ಷರಗಳಲ್ಲಿ ಬರೆದು ಇಟ್ಟುಕೊಳ್ಳಿ. ಯಾವ ಕಚೇರಿಗೆ ಹೋದರೂ ಬಾಯಲ್ಲಿ ಹೇಳದೆ ಆ ಚೀಟಿಯನ್ನೇ ಕೊಡಿ.

ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಮುಂದೆ ಬರೆಯುವ ನಮ್ಮ ಪದ್ಧತಿಯಲ್ಲಿ ಲಿಂಗದ ಸುಳಿವಿಲ್ಲ, ಅದು ಅನುಕೂಲವೇ. ತಾಯಿಯ ಹೆಸರಿನ ಅಕ್ಷರವನ್ನೂ ಸೇರಿಸುವವರಿದ್ದಾರೆ, ನನಗದು ನ್ಯಾಯವೆನಿಸುತ್ತದೆ. ಆದರೆ ಪಾಸ್‌ಪೋರ್ಟಿನ ಹೊತ್ತಿಗೆ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿತು. ಆದ್ದರಿಂದ ಜನನ ಪ್ರಮಾಣಪತ್ರದಲ್ಲಿಯೇ ಎರಡನೆಯ ಪದ ಇರುವಂತೆ ನೋಡಿಕೊಳ್ಳುವುದು ಲೇಸು. ಆ ಎರಡನೆಯ ಪದ ಕುಮಾರ್, ಕುಮಾರಿ, ದೇವಿ ಎಂದಾಗಿಬಿಟ್ಟರೆ ಇಷ್ಟೆಲ್ಲ ಹುಡುಕಿದ್ದು ವ್ಯರ್ಥವಾಗುತ್ತದೆ. ಊರಿನ ಅಥವಾ ಮನೆತನದ ಹೆಸರನ್ನು ಬಳಸಿ.

ಎಂಟನೆಯ ಹೆಜ್ಜೆ: ಜನನ ನೋಂದಣಿ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. ಆ ವೇಳೆಗೆ ಹೆಸರು ತೀರ್ಮಾನವಾಗಿಲ್ಲದಿದ್ದರೆ ಆತುರ ಬೇಡ. ಹೆಸರಿಲ್ಲದೆಯೇ ಜನನ ನೋಂದಣಿಯಾಗುತ್ತದೆ. ಆಮೇಲೆ ತಂದೆ, ತಾಯಿ ಅಥವಾ ಪೋಷಕರು ನೋಂದಣಾಧಿಕಾರಿಗೆ ಹೆಸರು ತಿಳಿಸಿ ಸೇರಿಸಬಹುದು: ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ, ಅನಂತರ 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಬಹುದು. ಅವಸರದಲ್ಲಿ ಯಾವುದೋ ಹೆಸರನ್ನು ಬರೆಸಿ ಮತ್ತೆ ಬದಲಾಯಿಸಲು ಓಡಾಡುವುದಕ್ಕಿಂತ ಎರಡು ತಿಂಗಳು ಮಗುವನ್ನು ‘ಚಿನ್ನು’ ಎಂದು ಕರೆಯುತ್ತ ಯೋಚಿಸುವುದು ಒಳ್ಳೆಯದು.

ಬರೆಸಿದ ಹೆಸರಿನ ತೂಕ ಈಗ ಮೊದಲಿಗಿಂತ ಹೆಚ್ಚು. ಕಾಯ್ದೆಗೆ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಚಾಲನಾ ಪರವಾನಗಿ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳವನ್ನು ಸಾಬೀತುಪಡಿಸುವ ದಾಖಲೆ ಜನನ ಪ್ರಮಾಣಪತ್ರವೇ.

ಇಂಥ ಹೆಸರಿಟ್ಟವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಲಿಂಗದ ಕಾಲಂನಲ್ಲಿ. ಅರ್ಜಿ ತುಂಬುವವರು ಹೆಸರನ್ನು ನೋಡಿ, ಕೇಳದೆಯೇ, ತಮಗೆ ತೋಚಿದ್ದನ್ನು ಒತ್ತಿಬಿಡುತ್ತಾರೆ. ನನ್ನ ತಂಗಿಯ ಮೊಮ್ಮಗಳಿಗೆ ‘ಕಿರಣ್’ ಎಂದು ಹೆಸರಿಟ್ಟಾಗ ಒಂದು ಸೇವಾ ಕೇಂದ್ರದಲ್ಲಿ ಆಧಾರ್‌ಗಾಗಿ ಕೊಟ್ಟ ವಿವರದಲ್ಲಿ ‘ಗಂಡು’ ಎಂದು ದಾಖಲಾಗಿತ್ತು. ಯಾರೂ ಗಮನಿಸಿರಲಿಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆಂದು ಇರುವ ಸುಕನ್ಯಾ ಸಮೃದ್ಧಿ ಖಾತೆಯನ್ನು ತೆರೆಯಲು ಹೋದ ದಿನ, ಜನನ ಪ್ರಮಾಣಪತ್ರದಲ್ಲಿ ಹೆಣ್ಣು, ಆಧಾರ್‌ನಲ್ಲಿ ಗಂಡು ಎಂದು ಕಂಡು ತಂಗಿ ಕಣ್ಣೀರು ಹಾಕಿಕೊಂಡು ಮನೆಗೆ ಬಂದಳು. ತಿದ್ದಿಸಲು ಹಲವು ವಾರ ಹಿಡಿಯಿತು. ಹೆಸರಿನದೇನೂ ತಪ್ಪಿರಲಿಲ್ಲ, ಆದರೆ ಅಂದಿನಿಂದ ನಾನು ಎಲ್ಲರಿಗೂ ಹೇಳುವುದೇನೆಂದರೆ, ಕಂಪ್ಯೂಟರಿನ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸುವಂತೆ ವಿನಯದಿಂದ ಕೇಳಿ, ಹೆಸರು, ಕಾಗುಣಿತ, ಲಿಂಗ, ಹುಟ್ಟಿದ ದಿನ ಈ ನಾಲ್ಕನ್ನೂ ಓದಿದ ಮೇಲೆಯೇ ಒಪ್ಪಿಗೆ ಕೊಡಿ. ಪ್ರಮಾಣಪತ್ರದಲ್ಲಿಯೇ ತಪ್ಪು ಬಿದ್ದಿದ್ದರೆ ಅದನ್ನು ತಿದ್ದಲು ಕಾಯ್ದೆಯ 15ನೆಯ ಕಲಮಿನಲ್ಲಿ ಅವಕಾಶವಿದೆ, ಆಸ್ಪತ್ರೆಯ ದಾಖಲೆಗಳು ಕೈಯಲ್ಲಿರುವಾಗಲೇ ಅರ್ಜಿ ಕೊಡಿ.

ಒಂಬತ್ತನೆಯ ಹೆಜ್ಜೆ: ಶಾಲೆಯ ಮೊದಲ ವಾರ

ಹಾಜರಿ ಪುಸ್ತಕದಲ್ಲಿ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಬೇರೆ ಬೇರೆಯಾಗಿ ಬರೆಯುವ ರೂಢಿ ಅನೇಕ ಶಾಲೆಗಳಲ್ಲಿದೆ. ಹೆಸರನ್ನು ಮಾತ್ರ ನೋಡಿ ಪಟ್ಟಿ ತಯಾರಿಸಿದಾಗ ಮಗು ಬೇರೆ ಪಟ್ಟಿಗೆ ಸೇರಿಬಿಡುತ್ತದೆ, ಮೊದಲ ದಿನ ಹೆಸರು ಕೂಗಿದಾಗ ತರಗತಿ ನಗುತ್ತದೆ. ನಾನೂ ಹೀಗೆ ಒಮ್ಮೆ ‘ಮಧು’ ಎಂಬ ಹುಡುಗನನ್ನು ಹುಡುಗಿಯರ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಅವನು ಎದ್ದುನಿಂತು ‘ಬಂದಿದ್ದೀನಿ ಮೇಡಂ’ ಎಂದಾಗ ಅವನ ಮುಖ ಕೆಂಪಾದದ್ದು ಇನ್ನೂ ನೆನಪಿದೆ. ಆ ಬಳಿಕ ಪ್ರತಿ ವರ್ಷ ಪಟ್ಟಿ ಬರೆಯುವ ಮೊದಲು ಮಕ್ಕಳನ್ನು ಕಂಡು ಕೇಳುವುದನ್ನು ರೂಢಿಸಿಕೊಂಡೆ.

ಎಲ್ಲ ಶಿಕ್ಷಕರಿಗೂ ಅಷ್ಟು ವ್ಯವಧಾನ ಇರಲಾರದು. ಆದ್ದರಿಂದ ದಾಖಲಾತಿಯ ದಿನವೇ ತರಗತಿಯ ಶಿಕ್ಷಕರನ್ನು ಕಂಡು ಹೆಸರು, ಅದರ ಅರ್ಥ ಮತ್ತು ಮಗುವನ್ನು ಹೇಗೆ ಕರೆಯಬೇಕೆಂಬುದನ್ನು ಎರಡು ಮಾತಿನಲ್ಲಿ ತಿಳಿಸಿ. ಮಗುವಿಗೂ ಮನೆಯಲ್ಲಿ ಅಭ್ಯಾಸ ಮಾಡಿಸಿ: ಯಾರಾದರೂ ‘ಇದು ಹುಡುಗರ ಹೆಸರಲ್ಲವಾ?’ ಅಥವಾ ‘ಹುಡುಗಿಯರ ಹೆಸರಲ್ಲವಾ?’ ಎಂದು ಕೇಳಿದರೆ, ತಲೆ ತಗ್ಗಿಸದೆ, ‘ಇಬ್ಬರದೂ. ಶಶಿ ಅಂದರೆ ಚಂದ್ರ, ನಮ್ಮ ತಾತನ ಹೆಸರು ಚಂದ್ರಪ್ಪ’ ಎಂದು ಹೇಳಲು ಐದು ವರ್ಷದ ಮಗುವಿಗೆ ಕಷ್ಟವಾಗುವುದಿಲ್ಲ.